ರೊಟ್ಟಿ ಹರಿದದ್ದಕ್ಕೆ ಇಷ್ಟೊಂದು ಅಳುವೇ?

(ಕೊಡಗಿನ ಗೋಣಿಕೊಪ್ಪಲಿನಲ್ಲಿ, ಒಂದೂವರೆಯಿಂದ ಮೂರೂವರೆ ವರ್ಷದ ಮಕ್ಕಳಿರುವ ಮನೆಯವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ಮಕ್ಕಳನ್ನೂ ಎತ್ತಿಕೊಂಡು ಬಂದಿದ್ದೀರಿ. ಮಾತಿನ ನಡುವೆ ಯಾರ ಮಗುವಾದರೂ ರಚ್ಚೆ ಹಿಡಿದರೆ ಸಂಕೋಚಪಟ್ಟು ಎದ್ದು ಹೋಗಬೇಡಿ. ಇವತ್ತಿನ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಬೆಳಗ್ಗೆ ಎಂಟು ಗಂಟೆ. ಅಕ್ಕಿ ರೊಟ್ಟಿ ಕಾವಲಿಯಿಂದ ಈಗಷ್ಟೇ ಇಳಿದಿದೆ. ಬೇಗ ಆರಲಿ ಎಂದು ಅಮ್ಮ ಅದನ್ನು ಎರಡು ತುಂಡು ಮಾಡಿ ತಟ್ಟೆಗೆ ಹಾಕುತ್ತಾಳೆ. ಎರಡು ವರ್ಷದ ಮಗು ತಟ್ಟೆ ನೋಡುತ್ತದೆ, ಅಮ್ಮನ ಮುಖ ನೋಡುತ್ತದೆ, ಮತ್ತೆ ತಟ್ಟೆ ನೋಡುತ್ತದೆ. ಆಮೇಲೆ ನೆಲಕ್ಕೆ ಬಿದ್ದು ಹೊರಳುತ್ತದೆ. ಬೇಡಿಕೆ ಒಂದೇ: "ಅಂಟಿಸು!" ಅಜ್ಜಿ ಓಡಿ ಬಂದು ಎರಡು ತುಂಡನ್ನು ಪಕ್ಕಪಕ್ಕ ಇಟ್ಟು "ನೋಡು ಕಂದ, ಸರಿಹೋಯ್ತು" ಎನ್ನುತ್ತಾರೆ. ಮಗುವಿಗೆ ನಡುವಿನ ಗೆರೆ ಕಾಣುತ್ತದೆ. ಅಳು ಇನ್ನೊಂದು ಸ್ಥಾಯಿಗೆ ಏರುತ್ತದೆ.

ನೀವು ನಗುತ್ತಿದ್ದೀರಿ, ನಗಲೇಬೇಕಾದದ್ದೇ ಅದು. ಆದರೆ ಆ ನಗು ಎಲ್ಲಿ ಬೇಕು, ಎಲ್ಲಿ ಬೇಡ ಎನ್ನುವುದೇ ಇವತ್ತು ನಾವು ಹೇಳಲು ಬಂದಿರುವುದು. ಹಟ ಶುರುವಾಗುವ ಮುಂಚೆ ನಗುವಿನಂಥ ಔಷಧಿ ಇಲ್ಲ. ಹಟದ ನಡುವೆ ಅದೇ ನಗು ಬೆಂಕಿಗೆ ಎಣ್ಣೆ. ಹಟ ಇಳಿದ ಮೇಲೆ ಮತ್ತೆ ಔಷಧಿ.

ಮೊದಲು ರೊಟ್ಟಿಯ ವಿಚಾರ ಮುಗಿಸೋಣ. ನಮ್ಮ ಲೆಕ್ಕದಲ್ಲಿ ಅರ್ಧ ಮತ್ತು ಅರ್ಧ ಸೇರಿದರೆ ಒಂದು. ಎರಡು ವರ್ಷದವರ ಲೆಕ್ಕದಲ್ಲಿ ದುಂಡಗಿನ ರೊಟ್ಟಿ ಎನ್ನುವುದು ಒಂದು ವಸ್ತು, ಹರಿದ ರೊಟ್ಟಿ ಎನ್ನುವುದು ಬೇರೆಯೇ ವಸ್ತು. ತನಗೆ ಬರಬೇಕಾಗಿದ್ದ ವಸ್ತು ಈ ಲೋಕದಿಂದಲೇ ಹೋಯಿತು ಎಂದು ಅದಕ್ಕೆ ನಿಜವಾಗಿಯೂ ದುಃಖವಾಗಿರುತ್ತದೆ. ಆಸೆ ಮುರಿದಾಗ ತಡೆದುಕೊಳ್ಳುವ ಕೆಲಸ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಎರಡನೇ ವರ್ಷದಲ್ಲಿ ಅದರಿಂದ ಸಂಯಮ ಕೇಳುವುದು ನರ್ಸರಿ ಗಿಡದಿಂದ ಕಾಫಿ ಕೊಯ್ಲು ಕೇಳಿದ ಹಾಗೆ. ಮಾಡಬೇಕಾದದ್ದು ಇಷ್ಟೇ: ರೊಟ್ಟಿಯನ್ನಾಗಲಿ ಕಡಂಬುಟ್ಟನ್ನಾಗಲಿ (ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ) ಬಾಳೆಹಣ್ಣನ್ನಾಗಲಿ ಇಡಿಯಾಗಿ ತೋರಿಸಿ, "ನೀನೇ ಮುರಿ" ಎಂದು ಕೈಗೆ ಕೊಡಿ. ಕಡಂಬುಟ್ಟು ಹೊರಗೆ ಆರಿದ್ದರೂ ಒಳಗೆ ಬಿಸಿ ಹಿಡಿದಿಟ್ಟುಕೊಂಡಿರುತ್ತದೆ, ಹಾಗಾಗಿ ಮಗುವಿನದ್ದನ್ನು ಎಲ್ಲರಿಗಿಂತ ಮೊದಲು ಹಬೆಪಾತ್ರೆಯಿಂದ ತೆಗೆದಿಡಿ. ತಾನೇ ಮುರಿದ ಕಡಂಬುಟ್ಟಿಗೆ ಯಾವ ಮಗುವೂ ಅಳುವುದು ಕಡಿಮೆ.

ಮರೆತು ಮುರಿದುಬಿಟ್ಟಿರಿ, ಇನ್ನೊಂದು ಇಡೀ ರೊಟ್ಟಿ ಇದೆ ಅನ್ನಿ. ಕೊಡಬೇಕೋ ಬೇಡವೋ? ಮಗು ಮುಖ ಸಣ್ಣ ಮಾಡಿ ಕೇಳಿದ ಹಂತದಲ್ಲೇ ಇದ್ದರೆ ಧಾರಾಳವಾಗಿ ಕೊಡಿ. ನೆಲಕ್ಕೆ ಬಿದ್ದು ಕಿರುಚಿದ ಮೇಲೆ ಕೊಡಬೇಡಿ. ಈ ವ್ಯತ್ಯಾಸ ಯಾಕೆ ಮುಖ್ಯ ಎನ್ನುವುದಕ್ಕೆ ಆಮೇಲೆ ಬರುತ್ತೇವೆ.

ಹಟಕ್ಕೆ ಒಂದು ಆಕಾರ ಇದೆ. ಇದನ್ನು ಸರಿಯಾಗಿ ನೋಡಿದವರಿಗೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಮೈಕೆಲ್ ಪೊಟೆಗಲ್, ರಿಚರ್ಡ್ ಡೇವಿಡ್‌ಸನ್ ಎಂಬ ಇಬ್ಬರು ಸಂಶೋಧಕರು 18ರಿಂದ 60 ತಿಂಗಳ ಮಕ್ಕಳ ಹಟವನ್ನು ತಂದೆತಾಯಿಗಳು ಕೊಟ್ಟ ವಿವರಗಳಿಂದ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದು: ನಾಲ್ಕರಲ್ಲಿ ಮೂರು ಹಟ 5 ನಿಮಿಷದೊಳಗೆ ಮುಗಿಯುತ್ತವೆ. ಕೋಪ ಮೊದಲೇ ತುದಿಗೇರುತ್ತದೆ: ಕಿರುಚುವುದು, ಒದೆಯುವುದು, ಎಸೆಯುವುದು. ಆಮೇಲೆ ಕೋಪ ಇಳಿದು ದುಃಖ ಉಳಿಯುತ್ತದೆ: ಬಿಕ್ಕುವುದು, ಗೊಣಗುವುದು, ಮಡಿಲು ಹುಡುಕುವುದು. ನಮ್ಮ ಮನೆಗಳಲ್ಲಿ 5 ನಿಮಿಷದ್ದು 25 ನಿಮಿಷ ಆಗುವುದು ಹೇಗೆ? ಕೋಪದ ಹಂತದಲ್ಲಿ ನಾವು ಸಭೆ ಸೇರುತ್ತೇವೆ. ಅಮ್ಮ "ಏನಾಯ್ತು, ಏನು ಬೇಕು?" ಎನ್ನುತ್ತಾಳೆ. ಅಪ್ಪ ಕಣ್ಣು ಬಿಡುತ್ತಾರೆ. ಅಜ್ಜಿ ಬೆಲ್ಲ ತರುತ್ತಾರೆ. ಚಿಕ್ಕಪ್ಪ ಫೋನಿನಲ್ಲಿ ವಿಡಿಯೋ ತೆಗೆಯುತ್ತಾನೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ "ಹಲ್ಲು ಬರ್ತಿದೆಯೋ ಏನೋ" ಎಂದು ಕೂಗುತ್ತಾರೆ. ಕೋಪದಲ್ಲಿರುವ ಮಗುವಿಗೆ ಒಂದೊಂದು ಪ್ರಶ್ನೆಯೂ ಹೊಸ ಹೊರೆ. ಪ್ರಶ್ನೆ ಅರ್ಥ ಮಾಡಿಕೊಳ್ಳಬೇಕು, ಉತ್ತರ ಹುಡುಕಬೇಕು, ಇಲ್ಲದ ಮಾತು ಜೋಡಿಸಬೇಕು. ಆಗದಾಗ ಮತ್ತೆ ಕಿರುಚುತ್ತದೆ.

ಆದ್ದರಿಂದ ಒಬ್ಬರೇ ಇರಿ. ಮಗುವಿನ ಸುತ್ತ ಬಿಸಿ ಪಾತ್ರೆ, ಮೆಟ್ಟಿಲು, ಚೂಪಾದ ಮೂಲೆ ಇದ್ದರೆ ಮೊದಲ ಅರ್ಧ ನಿಮಿಷದಲ್ಲಿ ವಸ್ತುವನ್ನು ಸರಿಸಿ ಅಥವಾ ಮಗುವನ್ನು ಸರಿಸಿ. ಒಂದು ಮಾರು ದೂರದಲ್ಲಿ, ಮಗುವಿನ ಎತ್ತರಕ್ಕೆ, ಎದುರಾಗದೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಎದುರು ಕೂತರೆ ಒದೆ ಸಿಗುತ್ತದೆ, ನಿಂತುಕೊಂಡರೆ ಮಗುವಿಗೆ ನಾವು ಭೂತದ ಹಾಗೆ ಕಾಣುತ್ತೇವೆ. ಒಂದು ಸಣ್ಣ ಮಾತು ಸಾಕು: "ಕೋಪ ಬಂತು. ಇಡೀ ರೊಟ್ಟಿ ಬೇಕಿತ್ತು." ನಾಲ್ಕೈದು ಪದ. ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಕಿವಿ ಮಾತ್ರ ತೆರೆದಿರಲಿ. ಚೀತ್ಕಾರ ಹೋಗಿ "ಊಂ... ಊಂ..." ಎನ್ನುವ ರಾಗ ಬಂತು, ಬಿಲ್ಲಿನ ಹಾಗೆ ಬಾಗಿದ್ದ ಬೆನ್ನು ಸಡಿಲವಾಯಿತು, ಕೈ ನಿಮ್ಮ ಕಡೆ ಚಾಚಿತು ಎಂದರೆ ದುಃಖದ ಹಂತ ಬಂದಿದೆ ಎಂದರ್ಥ. ಈಗ ಎತ್ತಿಕೊಳ್ಳಿ. ಇದಕ್ಕೆ ಮುಂಚೆ ಎತ್ತಿಕೊಳ್ಳಲು ಹೋದವರ ಗಲ್ಲಕ್ಕೆ ಮಗುವಿನ ತಲೆ ಬಡಿಯುವುದು ಮಾಮೂಲಿ. ಎತ್ತಿಕೊಂಡ ಮೇಲೆ ಎರಡು ಗುಟುಕು ನೀರು, ಒದ್ದೆ ಬಟ್ಟೆಯಲ್ಲಿ ಮುಖ ಒರೆಸುವುದು, ಅಷ್ಟೇ. "ಇನ್ನು ಮೇಲೆ ಹೀಗೆ ಮಾಡ್ತೀಯಾ?" ಎಂಬ ವಿಚಾರಣೆ ಬೇಡ. ಎರಡು ವರ್ಷದ ಮಗುವಿಗೆ "ಇನ್ನು ಮೇಲೆ" ಎಂಬ ಕಾಲವೇ ಇನ್ನೂ ಹುಟ್ಟಿಲ್ಲ.

ಹಟದ ನಡುವೆ ನಗಬಾರದು ಎಂದೆವು. ಆದರೆ ನಗು ಬಂದೇ ಬರುತ್ತದೆ. ಗಂಬೂಟು ಹಾಕಿಕೊಂಡೇ ಮಲಗಬೇಕು ಎಂದು ಒಬ್ಬಳು ಅಳುತ್ತಾಳೆ. ತನ್ನ ನೆರಳು ಹಿಂದೆಯೇ ಬರುತ್ತಿದೆ ಎಂದು ಒಬ್ಬ ಅಳುತ್ತಾನೆ. ಬೆಕ್ಕು ತನ್ನ ಸ್ವೆಟರ್ ಹಾಕಿಕೊಳ್ಳುತ್ತಿಲ್ಲ ಎಂದು ಇನ್ನೊಬ್ಬ. ನಗು ತಡೆಯಲಾಗದಿದ್ದರೆ ಎದ್ದು ಬೆನ್ನು ತಿರುಗಿಸಿ, ಕಪಾಟಿನಲ್ಲಿ ಏನೋ ಹುಡುಕುವ ಹಾಗೆ ನಿಂತು ನಗಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಕಾರಣವನ್ನು ಎರಡು ಪದದಲ್ಲಿ ಬರೆದಿಡಿ: "ನೆರಳು ಬಂತು", "ಬೆಕ್ಕಿನ ಸ್ವೆಟರ್", ಪಕ್ಕದಲ್ಲಿ ಗಂಟೆ. ರಾತ್ರಿ ಗಂಡ ಹೆಂಡತಿ ಕೂತು ಓದಿ ನಗುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಜತೆಗೆ ಇನ್ನೊಂದು ಲಾಭ ಇದೆ. ಎರಡು ವಾರ ಬರೆದರೆ ಹಟದ ಗಂಟೆಗಳು ಒಂದೇ ಕಡೆ ಗುಂಪಾಗಿ ಕಾಣುತ್ತವೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಗುಡಿನಫ್ ಅವರು ತಾಯಂದಿರಿಂದ ಇಂಥ ದಿನಚರಿಯನ್ನೇ ಬರೆಸಿ 1931ರಲ್ಲಿ ಪ್ರಕಟಿಸಿದಾಗ, ಮಧ್ಯಾಹ್ನದ ಊಟಕ್ಕೆ ಮುಂಚೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಮಕ್ಕಳ ಸಿಟ್ಟು ಏರುವುದು ಕಂಡಿತ್ತು. ನಮ್ಮ ಕ್ಯಾಲೆಂಡರೂ ಅದನ್ನೇ ಹೇಳುತ್ತದೆ. ಮಕ್ಕಳ ಎದುರು ಜೋರಾಗಿ ನಗಬೇಡಿ ಎನ್ನುವುದಕ್ಕೆ ಎರಡು ಕಾರಣ: ಒಂದು, ಮಗುವಿಗೆ ಅವಮಾನವಾಗುತ್ತದೆ, ಕೋಪ ಹೆಚ್ಚುತ್ತದೆ. ಇನ್ನೊಂದು, ಎಲ್ಲರೂ ನಕ್ಕರೆ ಕೆಲವು ಮಕ್ಕಳಿಗೆ ಅದೇ ನಾಟಕವಾಗಿ, ನೆಂಟರು ಬಂದಾಗಲೆಲ್ಲ ಪ್ರದರ್ಶನ ನಡೆಯುತ್ತದೆ. ಚಿಕ್ಕಪ್ಪನ ವಿಡಿಯೋ ಕೂಡ ಇದೇ ಕಾರಣಕ್ಕೆ ಬೇಡ.

ಹಟಕ್ಕೆ ಮುಂಚಿನ ನಗುವಿಗೆ ಬರೋಣ, ಅಲ್ಲಿ ನಮ್ಮ ಕೈಯಲ್ಲಿ ತುಂಬ ಇದೆ. ಒಂದೂವರೆ ವರ್ಷದಿಂದ ಮಕ್ಕಳಿಗೆ ತಪ್ಪು ಬಳಕೆ ಕಂಡರೆ ನಗು: ಬಟ್ಟಲು ತಲೆಯ ಮೇಲೆ, ಚಮಚ ಕಿವಿಗೆ. ಎರಡು ದಾಟಿದರೆ ತಪ್ಪು ಹೆಸರು ಕೇಳಿದರೆ ನಗು: ನಾಯಿಗೆ "ಅಂಬಾ" ಅಂದರೆ ಸಾಕು. ಬೂಟು ಹಾಕಿಕೊಳ್ಳದೆ ಓಡಾಡುವ ಮಗುವಿನ ಹಿಂದೆ ಓಡುವ ಬದಲು, ಬೂಟನ್ನು ನಿಮ್ಮ ಕಿವಿಗೆ ಹಾಕಲು ಪ್ರಯತ್ನಿಸಿ, "ಇದು ನನ್ನ ಕಿವಿಗೆ ಹಿಡಿಸ್ತಿಲ್ಲವಲ್ಲ, ಎಲ್ಲಿ ಹಾಕೋದು?" ಎಂದು ಗಂಭೀರವಾಗಿ ಕೇಳಿ. ದೊಡ್ಡವರ ತಪ್ಪು ತಿದ್ದುವ ಅವಕಾಶವನ್ನು ಯಾವ ಎರಡು ವರ್ಷದವರೂ ಬಿಡುವುದಿಲ್ಲ. ಕಾಲು ತಾನಾಗಿ ಮುಂದೆ ಬರುತ್ತದೆ. ಈ ಉಪಾಯ ತುಟಿ ನಡುಗಲು ಶುರುವಾಗುವ ತನಕ ಮಾತ್ರ ನಡೆಯುತ್ತದೆ. ತಪ್ಪನ್ನು ತಪ್ಪೆಂದು ಕಂಡು ನಗಬೇಕಾದರೆ ತಲೆಯಲ್ಲಿ ಸ್ವಲ್ಪ ಜಾಗ ಬೇಕು. ಕೋಪ ತುಂಬಿಕೊಂಡ ತಲೆಯಲ್ಲಿ ಆ ಜಾಗ ಇರುವುದಿಲ್ಲ. ಆಗ ಕಿವಿಗೆ ಹಾಕಿದ ಬೂಟು ಅಣಕದ ಹಾಗೆ ಕಾಣುತ್ತದೆ.

ಆಸೆಯನ್ನು ಮಾತಿನಲ್ಲೇ ಪೂರೈಸುವುದು ಇನ್ನೊಂದು ಉಪಾಯ. ಪುಟ್ಟ ರಾಮ ಚಂದ್ರ ಬೇಕೆಂದು ಹಟ ಹಿಡಿದಾಗ ಕನ್ನಡಿಯಲ್ಲಿ ಚಂದ್ರನನ್ನು ತೋರಿಸಿದ ಕಥೆಯನ್ನು ನಮ್ಮ ಅಜ್ಜಿಯರೆಲ್ಲ ಹೇಳುತ್ತಾರೆ. ಅಲ್ಲಿ ಯಾರೂ "ಚಂದ್ರ ಸಿಗಲ್ಲ, ಸುಮ್ಮನಿರು" ಎನ್ನಲಿಲ್ಲ. ನಾವೂ ಹೇಳಬಹುದು: "ನಿಂಗೆ ಇಡೀ ಬಸ್ಸು ಬೇಕಾ? ನಮ್ಮ ಅಂಗಳದಲ್ಲಿ ನಿಲ್ಲಿಸೋಣ. ಕಿಟಕಿ ಎಷ್ಟು ಇರಬೇಕು?" ಬಸ್ಸು ಬರುವುದಿಲ್ಲ, ಅಳುವೂ ಬರುವುದಿಲ್ಲ.

ನಮ್ಮ ಭಾಷೆಯಲ್ಲೇ ಇರುವ ಎರಡು ತೊಡಕುಗಳನ್ನು ಇಲ್ಲಿ ಹೇಳಲೇಬೇಕು. ನಾವು ಪ್ರೀತಿಯಿಂದ ಮಾತಾಡಬೇಕೆಂದು ಎಲ್ಲವನ್ನೂ ಪ್ರಶ್ನೆ ಮಾಡುತ್ತೇವೆ: "ಸ್ನಾನ ಮಾಡೋಣ್ವಾ?" "ಮಲಗೋಣ್ವಾ?" ದೊಡ್ಡವರಿಗೆ ಅದು ಮೃದುವಾದ ಅಪ್ಪಣೆ ಎಂದು ತಿಳಿಯುತ್ತದೆ. ಮಗುವಿಗೆ ಅದು ನಿಜವಾದ ಪ್ರಶ್ನೆ. ಅದಕ್ಕೆ ಗೊತ್ತಿರುವ ಅತ್ಯಂತ ಬಲವಾದ ಉತ್ತರ "ಬೇಡ". ಕೇಳಿದ್ದು ನಾವು, ಉತ್ತರ ಕೊಟ್ಟದ್ದು ಅದು, ಆಮೇಲೆ ಎತ್ತಿಕೊಂಡು ಬಚ್ಚಲಿಗೆ ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಬೇಡ ಎಂದರೆ ಒಪ್ಪಲು ತಯಾರಿದ್ದಾಗ ಮಾತ್ರ ಹಾಗೆ ಕೇಳಿ. ಉಳಿದಂತೆ "ಈಗ ಸ್ನಾನ. ನೀಲಿ ಮಗ್ಗೋ, ಕೆಂಪು ಮಗ್ಗೋ?" ಎನ್ನಿ. ಆಯ್ಕೆ ಎರಡೇ ಇರಲಿ. ಮೂರಾದರೆ ಗೊಂದಲ. "ಯಾವುದು ಬೇಕು?" ಎಂದು ಕಪಾಟು ತೆರೆದು ನಿಲ್ಲಿಸಿದರೆ ಅರ್ಧ ಗಂಟೆ. ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಿ. ಹತ್ತು ಎಣಿಸುವಷ್ಟರಲ್ಲಿ ಆರಿಸದಿದ್ದರೆ "ಇವತ್ತು ಅಮ್ಮ ಆರಿಸ್ತಾಳೆ" ಎಂದು ಮುಂದೆ ನಡೆಯಿರಿ.

ಇನ್ನೊಂದು ತೊಡಕು "ಬೇಡ" ಬರುವ ಜಾಗ. "ಓಡಬೇಡ" ಎಂದು ನಾವು ಕೂಗಿದಾಗ ಮಗುವಿನ ಕಿವಿಗೆ ಮೊದಲು ಬೀಳುವುದು "ಓಡ". ಬೇಡ ಬಾಲದಲ್ಲಿ ಬರುತ್ತದೆ, ಅಷ್ಟರಲ್ಲಿ ಮಗು ಗೇಟು ದಾಟಿರುತ್ತದೆ. ಮಾಡಬೇಕಾದ್ದನ್ನೇ ಹೇಳಿ: "ನಿಲ್ಲು", "ಮೆಲ್ಲಗೆ", "ಕೈ ಹಿಡಿ".

ಈಗ ಬಾಕಿ ಉಳಿದಿದ್ದ ಪ್ರಶ್ನೆ: ಕಿರುಚಿದ ಮೇಲೆ ಯಾಕೆ ಕೊಡಬಾರದು? 1959ರಲ್ಲಿ ಕಾರ್ಲ್ ವಿಲಿಯಮ್ಸ್ ಎಂಬುವರು ಅಮೆರಿಕದ ಒಂದು ಮನೆಯ ವರದಿ ಬರೆದರು. 21 ತಿಂಗಳ ಮಗು. ಹುಟ್ಟಿದಾಗಿನಿಂದ ಒಂದೂವರೆ ವರ್ಷ ತುಂಬ ಕಾಯಿಲೆ ಇದ್ದದ್ದರಿಂದ ಮನೆಯವರೆಲ್ಲ ವಿಶೇಷವಾಗಿ ನೋಡಿಕೊಂಡಿದ್ದರು. ಗುಣವಾದ ಮೇಲೂ ರಾತ್ರಿ ಮಲಗಿಸಿ ಯಾರೂ ಕೋಣೆ ಬಿಟ್ಟು ಹೊರಡುವಂತಿಲ್ಲ, ಹೊರಟರೆ ರಂಪ. ದಿನಾ ಅರ್ಧ ಗಂಟೆಯಿಂದ ಎರಡು ಗಂಟೆ ಒಬ್ಬರು ಕಾವಲು ಕೂರಬೇಕು. ಕೊನೆಗೆ ಮಲಗಿಸಿ ಹೊರಬಂದು ಬಾಗಿಲು ಹಾಕುವುದೆಂದು ತೀರ್ಮಾನಿಸಿದರು. ಮೊದಲ ಸಲ ಮಗು 45 ನಿಮಿಷ ಅತ್ತಿತು. ಹತ್ತನೇ ಸಲದ ಹೊತ್ತಿಗೆ ಅಳುವುದಿರಲಿ, ಹೊರಟವರನ್ನು ನೋಡಿ ನಕ್ಕಿತು. ಒಂದು ವಾರ ಕಳೆದು ಮಲಗಿಸುವ ಸರದಿ ಮಗುವಿನ ಚಿಕ್ಕಮ್ಮನದು. ಮಗು ಸುಮ್ಮನೆ ಒಂದು ಸಲ ಅತ್ತು ನೋಡಿತು. ಚಿಕ್ಕಮ್ಮನಿಗೆ ಕರುಳು ಚುರ್ ಎಂದಿತು, ಒಳಗೆ ಹೋಗಿ ನಿದ್ದೆ ಬರುವ ತನಕ ಕೂತರು. ಮರುದಿನದಿಂದ ಇಡೀ ಕೆಲಸ ಮತ್ತೆ ಮೊದಲಿನಿಂದ.

ಮಗುವನ್ನು ಬಾಗಿಲು ಹಾಕಿ ಒಂಟಿಯಾಗಿ ಮಲಗಿಸಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಮಕ್ಕಳು ಅಮ್ಮನ ಮಗ್ಗುಲಲ್ಲೇ ಮಲಗುತ್ತವೆ, ಅದು ಚೆನ್ನಾಗಿಯೇ ಇದೆ. ಗಮನಿಸಬೇಕಾದದ್ದು ಚಿಕ್ಕಮ್ಮನ ಆ ಒಂದು ರಾತ್ರಿಯನ್ನು. ಹತ್ತು ಸಲದಲ್ಲಿ ಒಂದು ಸಲ ಹಟಕ್ಕೆ ಫಲ ಸಿಕ್ಕರೆ ಮಗು ಹತ್ತೂ ಸಲ ಪ್ರಯತ್ನಿಸುತ್ತದೆ. ಪ್ರತಿ ಸಲ ಕೊಡುವುದಕ್ಕಿಂತ ಅಪರೂಪಕ್ಕೆ ಕೊಡುವುದೇ ಹಟವನ್ನು ಗಟ್ಟಿ ಮಾಡುತ್ತದೆ. ಅವಿಭಕ್ತ ಕುಟುಂಬಗಳಲ್ಲಿ, ಹತ್ತಾರು ಪ್ರೀತಿಯ ಕೈಗಳಿರುವ ಮನೆಗಳಲ್ಲಿ, ಇದೇ ಕಷ್ಟ. ಅಮ್ಮ ಇಲ್ಲ ಎಂದರೆ ಅತ್ತೆ, ಅತ್ತೆ ಇಲ್ಲ ಎಂದರೆ ತಾತ. ಅದಕ್ಕಾಗಿ ಮನೆಮಂದಿ ಸೇರಿ ನಾಲ್ಕೇ ನಾಲ್ಕು ವಿಷಯ ಒಪ್ಪಿಕೊಳ್ಳಿ: ರಸ್ತೆಯಲ್ಲಿ ಕೈ ಹಿಡಿಯುವುದು, ಒಲೆ ಮತ್ತು ಬಿಸಿ ನೀರಿನ ಹತ್ತಿರ ಹೋಗದಿರುವುದು, ಹೊಡೆಯದಿರುವುದು–ಕಚ್ಚದಿರುವುದು, ಔಷಧಿ ಕುಡಿಯುವುದು. ಈ ನಾಲ್ಕರಲ್ಲಿ ತಾತನೂ ಸಡಿಲ ಬಿಡಬಾರದು. ಉಳಿದದ್ದರಲ್ಲಿ ನೀವೇ ಸೋಲಿ. ಸ್ವೆಟರ್ ಉಲ್ಟಾ ಇರಲಿ, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಇರಲಿ, ತೊಳೆದು ಒರೆಸಿದ ಗಂಬೂಟು ಹಾಸಿಗೆಗೂ ಬರಲಿ. ನಿದ್ದೆ ಹತ್ತಿದ ಮೇಲೆ ತೆಗೆದರಾಯಿತು.

ಹೊಸ ನಿಯಮ ತಂದಾಗ ಮೊದಲ ಕೆಲವು ದಿನ ಹಟ ಹೆಚ್ಚುತ್ತದೆ. ಎಷ್ಟೋ ಮನೆಯವರು ಅಲ್ಲೇ ಕೈ ಬಿಡುತ್ತಾರೆ. ಕರೆಂಟು ಹೋದಾಗ ನಾವು ಸ್ವಿಚ್ಚನ್ನು ಒಂದು ಸಲ ಒತ್ತಿ ಸುಮ್ಮನಾಗುತ್ತೇವೆಯೇ? ನಾಲ್ಕು ಸಲ ಒತ್ತುತ್ತೇವೆ, ಬೋರ್ಡಿಗೆ ಒಂದು ಪೆಟ್ಟೂ ಕೊಡುತ್ತೇವೆ. ಇಷ್ಟು ದಿನ ಉರಿಯುತ್ತಿದ್ದ ದೀಪ ಯಾಕೆ ಉರಿಯುತ್ತಿಲ್ಲ ಎಂದು ಮಗುವೂ ಹಾಗೇ ಒತ್ತಿ ನೋಡುತ್ತದೆ. ಆ ದಿನಗಳನ್ನು ದಾಟಿಸಿ. ದಾಟಿಸುವ ಧೈರ್ಯ ಇಲ್ಲದ ವಾರದಲ್ಲಿ, ಮನೆಯಲ್ಲಿ ಮದುವೆಯೋ ಮಗುವಿಗೆ ಜ್ವರವೋ ಇದ್ದರೆ, ಹೊಸ ನಿಯಮ ಶುರುವೇ ಮಾಡಬೇಡಿ.

ಹೊಟ್ಟೆ ಮತ್ತು ನಿದ್ದೆ. ಒಂದರಿಂದ ಎರಡು ವರ್ಷದವರಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ, ಮೂರು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಎರಡೂವರೆ–ಮೂರು ಗಂಟೆಗೊಮ್ಮೆ ಸಣ್ಣದಾಗಿ ಏನಾದರೂ ಹೊಟ್ಟೆಗೆ ಬೀಳಬೇಕು. ಬಡಿಸುವಾಗ ವಯಸ್ಸಿಗೊಂದು ದೊಡ್ಡ ಚಮಚ ಎಂಬ ಲೆಕ್ಕ ಇಟ್ಟುಕೊಳ್ಳಿ: ಎರಡು ವರ್ಷದವರಿಗೆ ಒಂದೊಂದು ಬಗೆಯೂ ಎರಡು ಚಮಚ, ಸಾಲದಿದ್ದರೆ ಕೇಳುತ್ತಾರೆ. ಊಟದ ಹಟದಲ್ಲಿ ಅರ್ಧ ನಮ್ಮ ತಟ್ಟೆಯ ಗಾತ್ರದ ತಪ್ಪು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಸಿದರೆ ಊಟಕ್ಕೆ ಜಾಗ ಉಳಿಯುವುದಿಲ್ಲ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ಹೊಸ ಪಲ್ಯವನ್ನು ಮಗು ಉಗಿದರೆ ಬೇಸರ ಬೇಡ. ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಒಪ್ಪುವ ಮಕ್ಕಳೇ ಹೆಚ್ಚು. ಬೈಂಬಳೆಯ (ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ) ವಾಸನೆಗೆ ಮೂಗು ಮುಚ್ಚಿಕೊಂಡಿದ್ದವರೇ ದೊಡ್ಡವರಾದ ಮೇಲೆ ಅದಕ್ಕಾಗಿ ಊರಿಗೆ ಬರುತ್ತಾರೆ.

ಮದುವೆ ಮನೆಗೆ ಹೊರಟಿರಿ ಅನ್ನಿ. ವಾಲಗ, ಕೋವಿಯ ಸದ್ದು, ಕೈಯಿಂದ ಕೈಗೆ ದಾಟಿಸಿ ಕೆನ್ನೆ ಹಿಂಡುವ ನೆಂಟರು, ಊಟ ಎರಡು ಗಂಟೆಗೆ. ಇಷ್ಟೂ ಸೇರಿದರೆ ಯಾವ ಮಗುವಾದರೂ ರಚ್ಚೆ ಹಿಡಿಯುತ್ತದೆ. ಮಗುವಿನ ಊಟ ಡಬ್ಬಿಯಲ್ಲಿ ಒಯ್ದು ಹನ್ನೆರಡಕ್ಕೇ ಮುಗಿಸಿ. ಕೋವಿ ಹಾರಿಸುವ ಹೊತ್ತಿಗೆ ಮಗುವನ್ನು ದೂರ ಒಯ್ಯಿರಿ. ಗಂಟೆಗೊಮ್ಮೆ ಹತ್ತು ನಿಮಿಷ ಹಾಲ್‌ನಿಂದ ಹೊರಗೆ, ಸದ್ದಿಲ್ಲದ ಜಾಗದಲ್ಲಿ ಇರಿ.

ಸಂತೆಯಲ್ಲಿ ಹಟ ಬಂದರೆ ಎಲ್ಲಕ್ಕಿಂತ ಕಷ್ಟ ನೋಡುವ ಕಣ್ಣುಗಳದ್ದು. ಭಾನುವಾರದ ಸಂತೆಗೆ ಹೊರಡುವ ಮುಂಚೆಯೇ ಹೇಳಿ: "ಇವತ್ತು ಒಂದು ಕಿತ್ತಳೆ ನೀನೇ ಆರಿಸು." ಬೀನ್ಸ್ ತುಂಬಿದ ಸಣ್ಣ ಚೀಲ ಅದರ ಕೈಗೆ ಕೊಡಿ, ಕೆಲಸ ಇರುವ ಕೈ ಬೇರೆಯವರ ಅಂಗಡಿಗೆ ಚಾಚುವುದು ಕಡಿಮೆ. ಆದರೂ ನೆಲಕ್ಕೆ ಬಿದ್ದರೆ ಮಗುವಿನ ಬೆನ್ನು ನಿಮ್ಮ ಎದೆಗೆ ಬರುವ ಹಾಗೆ ಎತ್ತಿ. ಒಂದು ಕೈ ಅದರ ತೊಡೆಯ ಕೆಳಗೆ, ಇನ್ನೊಂದು ಕಂಕುಳ ಕೆಳಗಿಂದ ಎದೆಗೆ ಅಡ್ಡ. ನಿಮ್ಮ ಗಲ್ಲ ಪಕ್ಕಕ್ಕೆ. ಹೀಗೆ ಎತ್ತಿದರೆ ಕಚ್ಚುವುದಕ್ಕೆ ಏನೂ ಸಿಗುವುದಿಲ್ಲ. ಮುಂಗೈ ಹಿಡಿದು ಮೇಲಕ್ಕೆ ಎಳೆಯಲೇಬೇಡಿ. ಈ ವಯಸ್ಸಿನಲ್ಲಿ ಮೊಣಕೈಯ ಎಲುಬು ಜಾಗದಿಂದ ಸುಲಭವಾಗಿ ಜಾರುತ್ತದೆ. ಹಟ ನಿಂತ ಮೇಲೂ ಮಗು ಆ ಕೈಯನ್ನು ಎತ್ತದೆ ಜೋಲು ಬಿಟ್ಟಿದ್ದರೆ ಅದೇ ಆಗಿರಬಹುದು, ವೈದ್ಯರ ಹತ್ತಿರ ಒಯ್ಯಿರಿ. ಅವರು ಕೆಲವೇ ಕ್ಷಣಗಳಲ್ಲಿ ಕೂರಿಸಿಬಿಡುತ್ತಾರೆ. "ಒಂದು ಬಿಸ್ಕತ್ತು ಕೊಡಿ, ಪಾಪ" ಎಂದು ಅಂಗಡಿಯವರು ಪ್ರೀತಿಯಿಂದ ಕೊಡಲು ಬಂದರೆ, "ಎರಡು ನಿಮಿಷ ಅಳಲಿ ಅಣ್ಣಾ, ಆಮೇಲೆ ಬರ್ತೇವೆ" ಎನ್ನಿ. ಅವರಿಗೂ ಬೇಸರವಿಲ್ಲ, ನಿಮಗೂ ಮರ್ಯಾದೆ.

ಮಳೆಗಾಲದ ಮಾತು ಬೇರೆಯೇ. ಜೂನ್‌ನಿಂದ ಬಾಗಿಲು ಮುಚ್ಚಿದ ಮನೆ, ಒಣಗದ ಬಟ್ಟೆ, ಇಲ್ಲದ ಕರೆಂಟು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಈ ವಯಸ್ಸಿಗೆ ದಿನಕ್ಕೆ 180 ನಿಮಿಷ ಮೈ ಚಲನೆ ಬೇಕು. ಹೊರಗೆ ಹೋಗದ ಮಗು ಆ ಮೂರು ಗಂಟೆಯನ್ನು ಸೋಫಾದ ಮೇಲೆ, ಕಿಟಕಿಯ ಸರಳಿನ ಮೇಲೆ, ತಾತನ ಬೆನ್ನ ಮೇಲೆ ತೀರಿಸುತ್ತದೆ. ಅದನ್ನು ಹಟ ಎಂದು ಬರೆದುಕೊಳ್ಳಬೇಡಿ. ಹಾಸಿಗೆಯನ್ನು ನೆಲಕ್ಕೆ ಹಾಕಿ ದಿಂಬು ಗುಡ್ಡೆ ಮಾಡಿ ಜಿಗಿಯಲು ಬಿಡಿ. ರೇನ್‌ಕೋಟ್ ಹಾಕಿಸಿ ಹದಿನೈದು ನಿಮಿಷ ಅಂಗಳದ ನೀರಿನಲ್ಲಿ ಕುಣಿಸಿ, ಒಳಗೆ ಬಂದ ಕೂಡಲೇ ಬೆರಳ ಸಂದಿಯಲ್ಲಿ ಜಿಗಣೆ ಇದೆಯೇ ನೋಡಿ. ಬೆಚ್ಚಗಿನ ನೀರಿನ ಬೋಗುಣಿ, ಎರಡು ಲೋಟ, ಒಂದು ಜರಡಿ ಕೊಟ್ಟರೆ ಇಪ್ಪತ್ತು ನಿಮಿಷ. ಬೋಗುಣಿಯ ಪಕ್ಕದಿಂದ ಮಾತ್ರ ಏಳಬೇಡಿ. ಫೋನು ಎರಡು ವರ್ಷದ ತನಕ ಬೇಡವೇ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆಯೊಳಗೆ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಫೋನು ಕಿತ್ತುಕೊಂಡಾಗ ಬರುವ ಹಟಕ್ಕೆ ಕಾರಣ, ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗುವುದು. ಮಗುವಿಗೆ ಮುಗಿಯಿತು ಎನ್ನುವುದೇ ಕಾಣುವುದಿಲ್ಲ. "ಐದು ನಿಮಿಷ" ಎಂದರೆ ಅರ್ಥವಾಗದು. "ಈ ಹಾಡು ಮುಗಿದ ಮೇಲೆ" ಎನ್ನಿ, ಹಾಡು ಮುಗಿದ ತಕ್ಷಣ ಆರಿಸುವ ಗುಂಡಿಯನ್ನು ಮಗುವಿನ ಬೆರಳಿನಿಂದಲೇ ಒತ್ತಿಸಿ, ಆ ಕೈಗೆ ಬೇರೆ ಏನಾದರೂ ಕೊಡಿ.

ಹೆದರಿಸುವುದರ ಬಗ್ಗೆ ಒಂದೇ ಮಾತು, ಆದರೆ ಕೊಡಗಿನವರಿಗೆ ಬಹಳ ಮುಖ್ಯವಾದದ್ದು. "ಆನೆ ಬರುತ್ತೆ ನೋಡು" ಎಂದು ಊಟ ಮಾಡಿಸಬೇಡಿ. ನಮ್ಮಲ್ಲಿ ಆನೆ ನಿಜವಾಗಿಯೂ ತೋಟಕ್ಕೆ ಬರುತ್ತದೆ. ಹಿತ್ತಿಲ ಬಾಗಿಲಲ್ಲಿ ನಿಂತು "ಆನೆ ಬಂದಿದೆ, ಒಳಗೆ ಬಾ" ಎಂದ ದಿನ ಮಗು ಅದನ್ನು ನಂಬಬೇಕು. ಹುಲಿ ಬಂತು ಹುಲಿ ಎಂದ ಹುಡುಗನ ಕಥೆ ನಮ್ಮ ಮನೆಯಲ್ಲೇ ನಡೆಯುವುದು ಬೇಡ. ಹಾಗೆಯೇ ಇಂಜೆಕ್ಷನ್ ಕೊಡುವ ಡಾಕ್ಟರನ್ನೂ ಗುಮ್ಮ ಮಾಡಬೇಡಿ.

ಇನ್ನು ನಗು ಬೇಡದ ವಿಷಯಗಳು. ಕೆಲವು ಮಕ್ಕಳು ಅಳುತ್ತಾ ಅಳುತ್ತಾ ಉಸಿರು ಕಟ್ಟುತ್ತವೆ. ತುಟಿ ನೀಲಿಯಾಗುತ್ತದೆ, ಕೆಲವು ಸಲ ಪ್ರಜ್ಞೆಯೂ ತಪ್ಪುತ್ತದೆ. ಮಗು ಇದನ್ನು ಬೇಕೆಂದು ಮಾಡುವುದಿಲ್ಲ. ಪಕ್ಕಕ್ಕೆ ಮಲಗಿಸಿ, ಬಾಯಲ್ಲಿ ತುತ್ತು ಇದ್ದು ಕಾಣುತ್ತಿದ್ದರೆ ತೆಗೆದು, ಗಡಿಯಾರ ನೋಡಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿ ಬರುತ್ತದೆ. ಅಲ್ಲಾಡಿಸುವುದು, ಮುಖಕ್ಕೆ ನೀರು ಎರಚುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ಬೇಡ. ಒಂದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಆದಾಗ ಮಕ್ಕಳ ವೈದ್ಯರಿಗೆ ತಪ್ಪದೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇದ್ದು, ಅದಕ್ಕೆ ಔಷಧಿ ಕೊಟ್ಟಾಗ ಈ ತೊಂದರೆ ಕಡಿಮೆಯಾಗುವ ಮಕ್ಕಳು ಬಹಳ.

ಹಟ ದಿನಕ್ಕೆ ಐದಕ್ಕಿಂತ ಹೆಚ್ಚು ಸಲ, ದಿನ ಬಿಡದೆ ಬಂದರೆ, ಮತ್ತೆ ಮತ್ತೆ 25 ನಿಮಿಷ ದಾಟಿದರೆ, ಮಗು ತನ್ನನ್ನೇ ಕಚ್ಚಿಕೊಂಡರೆ, ತಲೆ ಚಚ್ಚಿಕೊಂಡು ಗಾಯ ಮಾಡಿಕೊಂಡರೆ ವೈದ್ಯರನ್ನು ಕಾಣಿ. ಎರಡು ವರ್ಷಕ್ಕೆ ಸುಮಾರು 50 ಪದ, ಎರಡು ಪದ ಜೋಡಿಸಿದ ಮಾತು ಬರಬೇಕು. ಮಾತು ತಡವಾದ ಮಕ್ಕಳಲ್ಲಿ ಹಟ ಹೆಚ್ಚು, ಹೇಳಲಾಗದ್ದನ್ನು ಮೈಯಿಂದ ಹೇಳುತ್ತವೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಅಂಗನವಾಡಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮಲಯಾಳ ಕೇಳುವ ಮಗುವಿನ ಪದಗಳನ್ನು ಎಲ್ಲ ಭಾಷೆ ಕೂಡಿಸಿ ಎಣಿಸಿ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಕೂಡಿಸಿದರೂ ಕಡಿಮೆ ಇದ್ದರೆ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಅಲ್ಲಿಯ ತನಕ "ಸಾಕು", "ಎತ್ತು", "ಕೊಡು", "ಇನ್ನೂ", "ಆಗಲ್ಲ" ಈ ಐದು ಪದಗಳಿಗೆ ಕೈಸನ್ನೆ ಸೇರಿಸಿ ಕಲಿಸಿ. ಒಂದೊಂದು ಪದ ಬಂದ ಹಾಗೆ ಒಂದೊಂದು ಬಗೆಯ ಹಟ ಹೋಗುತ್ತದೆ.

ಕೊನೆಗೆ ಎರಡು ಪ್ರಶ್ನೆ ಬಂದವು, ಅವನ್ನೂ ಇಲ್ಲಿ ಸೇರಿಸುತ್ತಿದ್ದೇವೆ.

"ಕಚ್ಚಿದರೆ ತಿರುಗಿ ಒಂದು ಸಲ ಕಚ್ಚಿದರೆ ಬುದ್ಧಿ ಬರುತ್ತೆ ಅಂತಾರೆ, ಹೌದಾ?" ಎಂದು ಒಬ್ಬ ಅಜ್ಜಿ ಕೇಳಿದರು. ಇಲ್ಲ ಅಜ್ಜಿ. ದೊಡ್ಡವರೂ ಕಚ್ಚುತ್ತಾರೆ ಎನ್ನುವುದೊಂದೇ ಅದು ಕಲಿಯುವುದು. ಮೊದಲು ಕಚ್ಚಿಸಿಕೊಂಡ ಮಗುವನ್ನು ಎತ್ತಿಕೊಳ್ಳಿ, ಗಾಯ ಸೋಪು ನೀರಿನಲ್ಲಿ ತೊಳೆಯಿರಿ. ಕಚ್ಚಿದ ಮಗುವಿಗೆ "ಕಚ್ಚಿದರೆ ನೋವು" ಎಂಬ ಎರಡೇ ಪದ, ನಗದೆ, ಕೂಗದೆ. ಎರಡನೇ ದವಡೆ ಹಲ್ಲು 23ರಿಂದ 33 ತಿಂಗಳ ನಡುವೆ ಬರುತ್ತದೆ, ಆಗ ಕಚ್ಚುವುದು ಹೆಚ್ಚು. ತಣ್ಣಗಿನ ಒದ್ದೆ ಬಟ್ಟೆಯ ಗಂಟು ಕೊಡಿ.

"ದಿನವಿಡೀ ಅಜ್ಜಿ ಹತ್ತಿರ ಚಿನ್ನದಂಥ ಮಗು. ನಾನು ಕೆಲಸದಿಂದ ಬಂದ ಕೂಡಲೇ ಹಟ. ನನ್ನ ಮೇಲೆ ಕೋಪವಾ?" ಎಂದು ಒಬ್ಬ ತಾಯಿ ಕೇಳಿದರು. ಕೋಪವಲ್ಲಮ್ಮ, ನಿಮ್ಮ ಎದುರು ಅಳಬಹುದು ಎಂಬ ಧೈರ್ಯ. ದಿನವಿಡೀ ಕಟ್ಟಿಟ್ಟದ್ದನ್ನು ನಿಮ್ಮ ಮಡಿಲಲ್ಲಿ ಬಿಚ್ಚುತ್ತದೆ. ಮನೆಗೆ ಬಂದ ಕೂಡಲೇ ಕೈ ತೊಳೆದು, ಅಡಿಗೆಮನೆಗೆ ಹೋಗುವ ಮುಂಚೆ, ಫೋನು ಚೀಲದಲ್ಲೇ ಬಿಟ್ಟು ಹತ್ತು ನಿಮಿಷ ನೆಲದ ಮೇಲೆ ಅದರ ಪಕ್ಕ ಕೂತುಬಿಡಿ. ಏನಾಡಬೇಕು ಎಂದು ಅದೇ ಹೇಳಲಿ. ಒಲೆ ಹತ್ತಿಸುವುದು ಹತ್ತು ನಿಮಿಷ ತಡವಾಗುತ್ತದೆ, ಅಷ್ಟು ಹೊತ್ತು ಅಜ್ಜಿಗೂ ಕಾಲು ಚಾಚಿ ಕೂರಲು ಬಿಡುವು ಸಿಗುತ್ತದೆ.